ದ್ವೀಪದವರು ಸೊನ್ನೆ ಕೊಟ್ಟ ಮೇಷ್ಟ್ರು

ನನ್ನ ಗಂಡ ತೀರಿಕೊಂಡ ಮಾರನೆಯ ದಿನ ಅವರ ಕಂಪನಿಯಿಂದ ಒಂದು ಸಂದೇಶ ಬಂತು. ಇಂಗ್ಲಿಷಿನ ಮೂರು ವಾಕ್ಯ. ಮೊದಲನೆಯದರಲ್ಲಿ ದುಃಖವಾಗಿದೆ ಎಂದಿತ್ತು. ಎರಡನೆಯದರಲ್ಲಿ ನಮ್ಮ ಮನಸ್ಸೆಲ್ಲ ಕುಟುಂಬದ ಜೊತೆಗಿದೆ ಎಂದಿತ್ತು. ಮೂರನೆಯದರಲ್ಲಿ ಅವರು ಶುರುಮಾಡಿದ ಕೆಲಸ ನಿಲ್ಲುವುದಿಲ್ಲ ಎಂದಿತ್ತು. ನಾನು ಪಿಯುಸಿ ಓದಿದವಳು, ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ. ಆದರೂ ಅದನ್ನು ಬರೆದವರು ಯಾರೆಂದು ಓದಿದ ಕೂಡಲೇ ಗೊತ್ತಾಯಿತು. ಸತ್ತವರೇ ಬರೆದದ್ದು.

ದೋಣಿ ಮುಳುಗಿದಾಗ, ಗೋದಾಮಿಗೆ ಬೆಂಕಿ ಬಿದ್ದಾಗ ದೊಡ್ಡವರು ಮೈಕಿನ ಮುಂದೆ ನಿಂತು ಹೇಳಬೇಕಾದ ಮಾತು ಅದು. ಅಮೆರಿಕದಲ್ಲಿ ನಾವಿರುವ ನೋವೈ ಊರಿನ ಮನೆಯಲ್ಲಿ, ಊಟದ ಮೇಜಿನ ಮೇಲೆ ಅವರು ಅದನ್ನು ತಿದ್ದುತ್ತಾ ಕೂತಿದ್ದಾಗ ನಾನು ಎದುರಿಗೆ ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ.

"ದುಃಖ, ಜೊತೆ, ಮುಂದಕ್ಕೆ. ಮೂರೇ ಮಾತು ಕಣೇ. ಯಾವ ದೇಶಕ್ಕೆ ಹೋದ್ರೂ ನಡಿಯತ್ತೆ," ಎಂದಿದ್ದರು.

"ಯಾರ ತಪ್ಪು ಅನ್ನೋದು ನಾಲ್ಕನೇದರಲ್ಲಿ ಬರತ್ತಾ?"

"ಅದು ಬರಬಾರದು ಅಂತಾನೇ ಈ ಮೂರು."

ಹೆಮ್ಮೆಯಿಂದಲೇ ಹೇಳಿದ್ದರು. ಆ ಹೆಮ್ಮೆ ನೋಡಿ ನನಗೆ ಹೇಸಿಗೆಯಾಗಿತ್ತು. ಅದೇ ಮೂರು ಮಾತನ್ನು ಅವರ ಕಂಪನಿ ಅವರ ಸಾವಿಗೇ ಬಳಸಿತು. ಹೊಸದಾಗಿ ನಾಲ್ಕು ಶಬ್ದ ಹುಡುಕುವಷ್ಟು ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ.

ನನ್ನ ಗಂಡ ಮೀಡಿಯಾ ಟ್ರೇನರ್. ಹಾಗೆಂದರೆ ಏನೆಂದು ನಮ್ಮ ಕನ್ನಡದವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಕೋಡ್ ಬರೆಯುವವರು, ಕಾರಿನ ಸೀಟು ಡಿಸೈನ್ ಮಾಡುವವರು, ಹಲ್ಲು ಕೀಳುವವರು ಎಲ್ಲ ಅವರಿಗೆ ಅರ್ಥವಾಗುತ್ತಾರೆ. ಮಾತಾಡುವುದನ್ನು ಕಲಿಸಿ ಸಂಬಳ ತೆಗೆದುಕೊಳ್ಳುತ್ತಾರೆ ಎಂದರೆ ನಂಬುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಅವರ ಕಿವಿಗೆ ಬಿದ್ದದ್ದು ಊರುಗಳ ಹೆಸರು.

"ಏನ್ ಆಂಟಿ, ಅಂಕಲ್ ಮತ್ತೆ ಮಾಲ್ಡೀವ್ಸಾ? ನಿಮ್ಮನ್ನ ಬಿಟ್ಟು?" ಎಂದು ದೇವಸ್ಥಾನದ ಪ್ರಸಾದದ ಸಾಲಿನಲ್ಲೇ ಕೇಳುವರು.

"ಕೆಲಸಕ್ಕಪ್ಪ."

"ಹಂಗಂತ ಹೇಳಿ ಹೋಗ್ತಾರೆ ಬಿಡಿ!"

ಹೇಳಿದವನು ನಗುವನು, ಅವನ ಹೆಂಡತಿ ನಗುವಳು, ಮೊಸರನ್ನದ ಸೌಟು ಹಿಡಿದವನೂ ನಗುವನು. ಹಿಂದಿನ ವರ್ಷ ಅವರೆಲ್ಲ ಅಲ್ಲಿಗೆ ಹೋಗಿ ನೀರಿನ ಮೇಲೆ ಕಟ್ಟಿದ ಗುಡಿಸಲಿನಲ್ಲಿ ಮಲಗಿ ಬಂದವರು. ಆ ದೇಶದಲ್ಲಿ ಜನ ವಾಸವಾಗಿದ್ದಾರೆ ಎಂಬ ಸಂಶಯ ಅವರಿಗೆ ಬಂದಿರಲಿಕ್ಕಿಲ್ಲ.

ಮೊದಲು ಅವರು ಹೀಗಿರಲಿಲ್ಲ. ಬೆಂಗಳೂರಿನಲ್ಲಿ ಪತ್ರಿಕೆಯ ವರದಿಗಾರರಾಗಿದ್ದರು. ಕಚೇರಿಗಳಿಗೆ ನುಗ್ಗಿ ಕೇಳಬಾರದ್ದನ್ನು ಕೇಳಿ ಬೈಸಿಕೊಂಡು ಬರುವ ಕೆಲಸ. ಆಮೇಲೆ ಇಲ್ಲಿಗೆ ಬಂದರು. ಆಬರ್ನ್ ಹಿಲ್ಸ್ ಕಡೆ ಕಾರಿನ ಬಿಡಿಭಾಗ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಎಂಜಿನಿಯರುಗಳಿಗೆ ಟಿವಿಯವರ ಮುಂದೆ ಹೇಗೆ ನಿಲ್ಲಬೇಕೆಂದು ಹೇಳಿಕೊಡತೊಡಗಿದರು. ಅಲ್ಲಿಂದ ಶಿಕಾಗೋ ಪಕ್ಕದ ಎಲ್ಕ್ ಗ್ರೋವ್ ವಿಲೇಜಿನ ಒಂದು ತರಬೇತಿ ಕಂಪನಿ ಸೇರಿದರು. ಅದು ಶ್ರೀಲಂಕಾಕ್ಕೂ ಮಾಲ್ಡೀವ್ಸಿಗೂ ತರಬೇತಿ ಮಾರುತ್ತಿತ್ತು. ಏಷ್ಯಾದ ಮುಖ ಬೇಕಾಗಿತ್ತು, ಇವರ ಮುಖ ಸಿಕ್ಕಿತು. ಕೇಳುವುದನ್ನೇ ಉಸಿರಾಗಿಸಿಕೊಂಡಿದ್ದ ಮನುಷ್ಯ ಕೇಳಿದವರ ಕೈಗೆ ಸಿಗದ ಹಾಗೆ ಜಾರುವುದನ್ನು ಕಲಿಸಲು ದೇಶ ದೇಶ ತಿರುಗಿದರು.

ಜಾರುವುದಕ್ಕೂ ಒಂದು ಪಟ್ಟು ಇತ್ತು. ಯಾರಾದರೂ ಕಷ್ಟದ ಪ್ರಶ್ನೆ ಕೇಳಿದರೆ ಮೊದಲು "ಒಳ್ಳೆ ಪ್ರಶ್ನೆ" ಅನ್ನಬೇಕು. ಕೇಳಿದವನಿಗೆ ಖುಷಿಯಾಗುತ್ತದೆ. ಆಮೇಲೆ "ಈಗ ಮುಖ್ಯ ಏನಂದ್ರೆ" ಅನ್ನಬೇಕು. ಅಲ್ಲಿಂದ ಮುಂದೆ ನಮಗೆ ಬೇಕಾದ್ದನ್ನು ಹೇಳಬಹುದು. ಪಾಠ ಮುಗಿಸಿ ಮನೆಗೆ ಬಂದ ಮೇಲೂ ಅವರ ಬಾಯಿಂದ ಅದು ಇಳಿಯುತ್ತಿರಲಿಲ್ಲ. "ಗ್ಯಾಸ್ ಸ್ಟೇಷನ್ ಅಂಗಡಿಯಿಂದ ಹಾಲು ತಂದ್ರಾ?" ಎಂದರೆ "ಒಳ್ಳೆ ಪ್ರಶ್ನೆ" ಎನ್ನುವರು. ಹಾಲು ತಂದಿಲ್ಲವೆಂದು ನಾನು ತಿಳಿದುಕೊಳ್ಳಬೇಕು.

ನಾನು ಹಗಲೆಲ್ಲ ಡೇಕೇರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವವಳು. ಅಲ್ಲಿ ಒಬ್ಬ ಇನ್ನೊಬ್ಬನ ಕೈ ಕಚ್ಚುತ್ತಾನೆ. ಕಚ್ಚಿದೆಯಾ ಎಂದರೆ ಹೂಂ ಎನ್ನುತ್ತಾನೆ. ಯಾಕೆ ಎಂದರೆ ಬೇಕಿತ್ತು ಎನ್ನುತ್ತಾನೆ. ಇಡೀ ದಿನ ಇಂಥವರ ಜೊತೆ ಕಳೆದು ಮನೆಗೆ ಬಂದರೆ ಇಲ್ಲೊಬ್ಬ ಮೇಷ್ಟ್ರು.

ಮಗಳು ಕಾಲೇಜು ಸೇರಿದ ವರ್ಷ ಒಂದೇ ಸಲ ನಾನೂ ಅವರ ಜೊತೆ ಹೋದೆ. ಮಾಲ್ಡೀವ್ಸಿನ ರಾಜಧಾನಿ ಮಾಲೆಯಲ್ಲಿ ವಿಮಾನದಿಂದ ಇಳಿದರೆ ಎದುರಿಗೇ ನೀರು, ನೀರಿನಾಚೆ ಊರು. ಆ ಊರಿನಲ್ಲಿ ಸ್ಕೂಟರು ನಿಲ್ಲಿಸಲು ಜಾಗವಿಲ್ಲ, ನಿಲ್ಲಿಸಿದ ಸ್ಕೂಟರುಗಳ ನಡುವೆ ನಡೆಯಲು ಜಾಗವಿಲ್ಲ. ತರಬೇತಿ ಇದ್ದದ್ದು ಒಂದು ಹೋಟೆಲಿನ ಮೇಲಿನ ಮಹಡಿಯಲ್ಲಿ. ಮೂರು ಕಡೆ ಗಾಜು, ಗಾಜಿನಾಚೆ ಸಮುದ್ರ. ಪ್ರೊಜೆಕ್ಟರಿಗೆ ಬೆಳಕು ಹೆಚ್ಚಾಯಿತೆಂದು ಪರದೆಗಳನ್ನೆಲ್ಲ ಎಳೆದರು. ಕತ್ತಲು ಮಾಡಿ, ಏಸಿ ಹಾಕಿ, ಗೋಡೆಯ ಮೇಲೆ ಸಮುದ್ರದ ಚಿತ್ರ ತೋರಿಸಿದರು. ಆ ಚಿತ್ರ ಎಲ್ಲಿಯದೋ, ಅದರಲ್ಲಿ ತೆಂಗಿನ ಮರವೂ ಇರಲಿಲ್ಲ. ಕೆಳಗೆ 'ನಿಮ್ಮ ಕಥೆಯನ್ನು ನೀವೇ ಹೇಳಿ' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

ಕಲಿಯಲು ಬಂದವರಲ್ಲಿ ಒಬ್ಬರು ದೂರದ ಯಾವುದೋ ಸಣ್ಣ ದ್ವೀಪದ ಕೌನ್ಸಿಲ್ ಸದಸ್ಯರು. ಅರ್ಧ ದಿನ ದೋಣಿಯಲ್ಲಿ ಕೂತು ಬಂದಿದ್ದರು. ಹಿಂದಿ ಸಿನಿಮಾ ನೋಡಿ ಕಲಿತ ಹಿಂದಿಯಲ್ಲಿ ನನ್ನ ಜೊತೆಗೂ ಮಾತಾಡಿದರು. ಅವರು ಎದ್ದು ನಿಂತು ಕೇಳಿದರು: ನಮ್ಮ ದ್ವೀಪದ ದಂಡೆ ಕೊಚ್ಚಿ ಹೋಗುತ್ತಿದೆ, ರೇಡಿಯೋದವರು ಕೇಳಿದರೆ ಏನನ್ನಲಿ?

"ಏನು ಮಾಡುತ್ತಿದ್ದೀರೋ ಅದನ್ನು ಹೇಳಿ," ಎಂದರು ನನ್ನ ಗಂಡ.

"ಏನೂ ಮಾಡುತ್ತಿಲ್ಲ."

"ಹಾಗಾದರೆ ಏನು ಮಾಡಬೇಕೆಂದಿದ್ದೀರೋ ಅದನ್ನು ಹೇಳಿ."

ಆ ಮನುಷ್ಯ ಕೂತುಕೊಂಡರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಎದ್ದು ಹೋಗಿ ಪರದೆ ಸರಿಸಬೇಕು ಅನ್ನಿಸಿತು. ಸರಿಸಲಿಲ್ಲ. ಟ್ರೇನರ್ ಹೆಂಡತಿಗೆ ಕಾಫಿ ಕುಡಿಯಲು ಮಾತ್ರ ಅಧಿಕಾರ.

ಅಲ್ಲಿಂದ ಕೊಲಂಬೊ, ಕೊಲಂಬೊದಿಂದ ವ್ಯಾನಿನಲ್ಲಿ ಶ್ರೀಲಂಕಾದ ಪೂರ್ವ ತೀರದ ಒಂದು ಹಿನ್ನೀರಿನ ಊರು. ಅಲ್ಲಿನ ತರಗತಿಯಲ್ಲಿ ಊರಿನ ರೇಡಿಯೋ ವರದಿಗಾರರೂ ಇದ್ದರು. ದಾರಿಯಲ್ಲೂ ಆ ಊರಿನಲ್ಲೂ ನನಗೆ ಅನ್ನಕ್ಕೆ ತೆಂಗಿನಕಾಯಿಯ ಕೆಂಪು ಚಟ್ನಿ ಕೊಟ್ಟು "ವೆಜ್, ವೆಜ್" ಎಂದರು. ಬಹಳ ರುಚಿಯಾಗಿತ್ತು. ಅದರಲ್ಲಿ ಒಣಗಿಸಿದ ಮಾಲ್ಡೀವ್ಸ್ ಮೀನನ್ನು ಕುಟ್ಟಿ ಹಾಕುತ್ತಾರೆಂದು ಅಡುಗೆಯ ಹೆಂಗಸು ಮೂರನೇ ದಿನ ತಮಿಳಿನಲ್ಲಿ ಹೇಳಿದಳು. ನಾನು ಬೆಳೆದದ್ದು ಶ್ರೀರಾಂಪುರದ ವಠಾರದಲ್ಲಿ, ಅಕ್ಕಪಕ್ಕವೆಲ್ಲ ತಮಿಳು, ಹಾಗಾಗಿ ಆ ಭಾಷೆ ಬರುತ್ತಿತ್ತು. ನನ್ನ ಗಂಡನಿಗೆ ಮೊದಲೇ ಗೊತ್ತಿತ್ತಂತೆ.

"ಯಾಕ್ರೀ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲವಲ್ಲೇ."

ಎಲ್ಕ್ ಗ್ರೋವಿನಲ್ಲಿ ಕೂತು ಯಾರೋ ಬರೆದ ಕೈಪಿಡಿಯಲ್ಲಿ ಒಂದು ನಿಯಮವಿತ್ತು. ಉತ್ತರ ಕೊಡುವಾಗ ತಲೆಯನ್ನು ಅಕ್ಕಪಕ್ಕ ಆಡಿಸಬಾರದು, ನೋಡಿದವರಿಗೆ ಸುಳ್ಳು ಹೇಳುತ್ತಿರುವಂತೆ ಕಾಣುತ್ತದೆ ಎಂದು. ಒಪ್ಪಿಗೆಗೂ, ಮರ್ಯಾದೆಗೂ, ಅಯ್ಯೋ ಪಾಪ ಎನ್ನುವುದಕ್ಕೂ ತಲೆಯಾಡಿಸುವ ಜನರ ಮುಂದೆ ನನ್ನ ಗಂಡ ಗಂಭೀರವಾಗಿ ಅದನ್ನು ಓದಿದರು. ಓದುವಾಗ ಅವರದೇ ತಲೆ ಗಡಿಯಾರದ ಲೋಲಕದ ಹಾಗೆ ಆಡುತ್ತಿತ್ತು.

"ಸಾರ್, ನಿಮ್ಮ ತಲೆ!" ಎಂದು ಒಬ್ಬ ಹುಡುಗಿ ಕೂಗಿದಳು. ಕೋಣೆಯೆಲ್ಲ ನಕ್ಕಿತು. ಅವರೂ ನಕ್ಕರು, ತಲೆಯಾಡಿಸುತ್ತಲೇ.

ಆ ಪ್ರವಾಸದಲ್ಲಿ ಒಂದೇ ಒಂದು ಗಂಟೆ ನನಗೆ ಅವರ ಮೇಲೆ ಮರ್ಯಾದೆ ಹುಟ್ಟಿದ್ದು. ಅದು ಕೊನೆಯ ದಿನದ ಕುರ್ಚಿ ಪಾಠ. ಕಂಪನಿಯ ಕೈಪಿಡಿಯಲ್ಲಿ ಅದು ಇರಲಿಲ್ಲ, ಕಂಪನಿಗೆ ಅದು ಇಷ್ಟವೂ ಇರಲಿಲ್ಲ. ವರದಿಗಾರನ ಕಾಲದಿಂದ ಅವರೊಳಗೆ ಉಳಿದುಕೊಂಡಿದ್ದ ಒಂದು ಚೂರು ಇರಬೇಕು. ಕ್ಯಾಮೆರಾದ ಮುಂದಿನ ಕುರ್ಚಿಯಲ್ಲಿ ಮೇಷ್ಟ್ರೇ ಕೂರಬೇಕು. ಕಲಿಯಲು ಬಂದವರು ಏನು ಬೇಕಾದರೂ ಕೇಳಬಹುದು. ಉತ್ತರಕ್ಕೆ ಅವರೇ ಅಂಕ ಕೊಡಬೇಕು. ಜಾರಿಕೊಂಡರೆ ಸೊನ್ನೆ. ಸೊನ್ನೆ ಬಂದರೆ ಎದ್ದು, ಮತ್ತೆ ಕೂತು, ಅದೇ ಪ್ರಶ್ನೆಗೆ ಮತ್ತೆ ಉತ್ತರ ಕೊಡಬೇಕು.

ಆ ದಿನ ಒಬ್ಬ ಕೇಳಿದ, ನೀವು ಪತ್ರಿಕೆ ಯಾಕೆ ಬಿಟ್ಟಿರಿ?

"ಒಳ್ಳೆ ಪ್ರಶ್ನೆ. ಈಗ ಮುಖ್ಯ ಏನಂದರೆ, ಎರಡೂ ಕಡೆಯ ಅನುಭವ ಇದ್ದವನು..."

"ಝೀರೋ!" ಎಲ್ಲರೂ ಮೇಜು ಬಡಿದರು.

ಅವರು ಎದ್ದು ಕುರ್ಚಿಯನ್ನೊಂದು ಸುತ್ತು ಹಾಕಿ ಮತ್ತೆ ಕೂತರು. "ಸುಸ್ತಾಯಿತು. ಬೈಸಿಕೊಂಡು ಸಾಕಾಯಿತು. ಇದರಲ್ಲಿ ಯಾರೂ ಬೈಯುವುದಿಲ್ಲ," ಎಂದರು.

ಐದಕ್ಕೆ ಐದು ಕೊಟ್ಟರು. ನಾನು ಅದೇ ಪ್ರಶ್ನೆಯನ್ನು ಮನೆಯಲ್ಲಿ ಎಷ್ಟು ಸಲ ಕೇಳಿದ್ದೆ. ಅಡುಗೆಮನೆಯಲ್ಲಿ ಒಂದು ಕುರ್ಚಿ ಹಾಕಬೇಕಿತ್ತು ಎಂದುಕೊಂಡೆ.

ಅವರ ಕೊನೆಯ ಪ್ರವಾಸ ಅದಾಗಿ ಕೆಲವು ವರ್ಷಗಳ ಮೇಲೆ, ಒಂದು ಚಳಿಗಾಲದ ಕೊನೆಗೆ. ಹೊರಡುವ ಮುಂಚೆಯೇ ಇಳಿದುಹೋಗಿದ್ದರು. ಅಂಗಿಯ ಕಾಲರಿನೊಳಗೆ ಕುತ್ತಿಗೆ ಹುಡುಕಬೇಕಾಗಿತ್ತು. ಹೋದ ಸಲ ದ್ವೀಪದಲ್ಲಿ ಮೀನು ಬಿಟ್ಟು ಏನೂ ಸಿಗಲಿಲ್ಲ, ಅದಕ್ಕೇ ಹೀಗೆ ಎಂದರು. ಆ ಪ್ರವಾಸ ಮುಗಿದು ಎಷ್ಟೋ ತಿಂಗಳಾಗಿತ್ತು. ನನ್ನ ಕೈಯ ಊಟವನ್ನೇ ಉಂಡಿದ್ದರು.

"ಡಾಕ್ಟರ್ ಹತ್ರ ಹೋಗಿದ್ರಲ್ಲಾ, ಏನಂದ್ರು?" ಎಂದು ಕೇಳಿದೆ. ಅವರು ಸೂಟ್‌ಕೇಸ್ ಮುಚ್ಚುತ್ತಿದ್ದರು.

"ಒಳ್ಳೆ ಪ್ರಶ್ನೆ ಕಣೇ. ಈಗ ಮುಖ್ಯ ಏನಂದ್ರೆ, ಇದು ಐವತ್ತು ಪೌಂಡ್ ದಾಟಿದ್ಯಾ ನೋಡ್ಬೇಕು. ಆ ತೂಕದ ಮೆಷಿನ್ ತಗೊಂಡ್ ಬಾ."

ತಂದುಕೊಟ್ಟೆ. ಅವರು ತಮ್ಮನ್ನು ತೂಗಿಕೊಳ್ಳಲಿಲ್ಲ, ಸೂಟ್‌ಕೇಸನ್ನು ತೂಗಿದರು.

ಮಾಲ್ಡೀವ್ಸ್ ಮುಗಿಸಿ, ಶ್ರೀಲಂಕಾ ಮುಗಿಸಿ ಬಂದರು. ಬಂದ ಮೇಲೆ ಕಣ್ಣು ಹಳದಿಯಾಯಿತು. ಪ್ಯಾಂಕ್ರಿಯಾಸಿನ ಕ್ಯಾನ್ಸರ್ ಎಂದರು. ಎಲೆ ಬಣ್ಣ ತಿರುಗುವ ಹೊತ್ತಿಗೆ ಹೋಗಿಬಿಟ್ಟರು. ಆಸ್ಪತ್ರೆಯ ಆ ದಿನಗಳಲ್ಲೂ ನಮ್ಮ ಮನೆಗೆ ಬಂದವರ ಬಾಯಲ್ಲಿ ಬರೀ ಒಳ್ಳೆಯ ಮಾತು. "ಪಾಸಿಟಿವ್ ಆಗಿರಿ ಆಂಟಿ." "ಎವ್ರಿಥಿಂಗ್ ಹ್ಯಾಪನ್ಸ್ ಫಾರ್ ಎ ರೀಸನ್ ಆಂಟಿ." ಹೇಳಿ, ತಂದ ಬಿಸಿಬೇಳೆಬಾತಿನ ಡಬ್ಬಿ ಯಾವಾಗ ವಾಪಸ್ಸು ಕೊಡುತ್ತೀರಿ ಎಂಬಂತೆ ಅದನ್ನೇ ನೋಡುತ್ತಾ ಎದ್ದು ಹೋಗುವರು.

ನೇರ ಮಾತು ಬಂದದ್ದು ಒಬ್ಬರಿಂದ ಮಾತ್ರ. ನಮ್ಮ ಬೀದಿಯಲ್ಲೇ ಇರುವ ಹುಬ್ಬಳ್ಳಿ ಕಡೆಯ ಡಾಕ್ಟರಮ್ಮ. ಆಸ್ಪತ್ರೆಗೆ ಸೇರಿಸಿದ ದಿನ ನನ್ನ ಜೊತೆಗಿದ್ದವರು. ಹದಿಮೂರನೇ ದಿನದ ಊಟವಾದ ಮೇಲೆ, ಪಾತ್ರೆ ತೊಳೆಯುತ್ತಾ ಹೇಳಿದರು:

"ಅಕ್ಕಾರ, ನಾ ಇದನ್ನ ಹೇಳಬಾರದು. ಆದ್ರ ಹೊಟ್ಟ್ಯಾಗ ಇಟ್ಕೊಳ್ಳಾಕ ಆಗವಲ್ದು. ಅವತ್ತ ಡಾಕ್ಟರ್ ಅವರ ಜೋಡಿ ಮಾತಾಡಿದ್ದು ಹೊಸಾ ಪೇಷಂಟ್ ಜೋಡಿ ಮಾತಾಡಿದಂಗ ಇರಲಿಲ್ರೀ. ಅವ್ರಿಗೆ ಮೊದಲ ಗೊತ್ತಿತ್ತು. ಮನ್ಯಾಗ ಯಾರಿಗೂ ಹೇಳಿರಲಿಲ್ಲೇನು?"

ನಾನು ಕೈಯಲ್ಲಿದ್ದ ಪಾತ್ರೆಯನ್ನು ಒರೆಸಿ ಒರೆಸಿ ಇಟ್ಟೆ. ಆ ದಿನದಿಂದ ನನಗೆ ತಿಳಿಯಬೇಕಾದದ್ದು ಒಂದೇ. ಈ ಮನುಷ್ಯ, ಜಾರುವುದನ್ನೇ ಕಸುಬು ಮಾಡಿಕೊಂಡವರು, ತಮ್ಮ ಸಾವಿನ ಮಾತನ್ನು ಬದುಕಿದ್ದಾಗ ಯಾರ ಮುಂದಾದರೂ ಬಾಯಿಬಿಟ್ಟು ಹೇಳಿದರೋ, ಇಲ್ಲವೋ.

ಮಗಳು ಶಿಕಾಗೋದಲ್ಲಿ ಕೆಲಸ ಮಾಡುತ್ತಿದ್ದವಳು ರಜೆ ಹಾಕಿ ಬಂದಿದ್ದಳು. "ಅಮ್ಮ, ಅಪ್ಪನ ಹಾಸ್ಪಿಟಲ್ ರೆಕಾರ್ಡ್ಸ್, ವಿ ಕ್ಯಾನ್ ಜಸ್ಟ್ ಲಾಗಿನ್ ಆ್ಯಂಡ್ ಚೆಕ್. ಡೇಟ್ಸ್ ಇರತ್ತೆ," ಎಂದಳು. ಬೇಡವೆಂದೆ. ಸ್ಕ್ಯಾನ್ ಯಾವ ತಾರೀಕಿಗೆ ಆಯಿತೆಂದು ಕಂಪ್ಯೂಟರು ಹೇಳಬಲ್ಲದು. ಅದನ್ನು ಅವರ ಬಾಯಿಂದ ಯಾರು ಕೇಳಿದರೆಂದು ಅದು ಹೇಳಲಾರದು.

ವರ್ಷ ತುಂಬುವ ಹೊತ್ತಿಗೆ ಕಂಪನಿಯವರು ಎಲ್ಕ್ ಗ್ರೋವಿನ ತಮ್ಮ ಸ್ಟುಡಿಯೋದ ಒಂದು ಕೋಣೆಗೆ ಅವರ ಹೆಸರಿಡುತ್ತೇವೆ ಬನ್ನಿ ಎಂದರು. ಹೋಗಲು ಮನಸ್ಸಿರಲಿಲ್ಲ. ಮಗಳು ಹಿಂದಿನ ದಿನವೇ ನೋವೈಗೆ ಬಂದು ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟಳು. ಶಿಕಾಗೋದ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ, ಆ ಕಡೆಗೆ ಹೋದರೆ ದಾರಿಯಲ್ಲೆಲ್ಲೋ ಒಂದು ಗಂಟೆ ಪುಕ್ಕಟೆ ಸಿಗುತ್ತದೆ. ಅವರು ಪ್ರತಿ ಸಲವೂ ಆ ಗಂಟೆಯನ್ನು ತಾವೇ ಗಳಿಸಿದಂತೆ ಹೇಳಿಕೊಳ್ಳುತ್ತಿದ್ದರು.

ಆ ಸ್ಟುಡಿಯೋ ಇರುವ ಜಾಗ ನೋಡಿದರೆ ದ್ವೀಪದವರು ಏನನ್ನುತ್ತಿದ್ದರೋ. ಸುತ್ತ ಕಿಟಕಿಯಿಲ್ಲದ ಗೋದಾಮುಗಳು, ಲಾರಿಗಳು ಹಿಮ್ಮುಖ ಬರುವಾಗಿನ ಕೀಂ ಕೀಂ, ತಲೆಯ ಮೇಲೆ ಒ'ಹೇರ್‌ಗೆ ಇಳಿಯುವ ವಿಮಾನ. ಸಮುದ್ರದ ಮಧ್ಯೆ ಬದುಕುವವರು ಹೇಗೆ ಮಾತಾಡಬೇಕೆಂದು ತೀರ್ಮಾನವಾಗುತ್ತಿದ್ದದ್ದು ಇಲ್ಲಿ.

ಶಿಕಾಗೋದ ಕನ್ನಡದವರೂ ಬಂದಿದ್ದರು. ಸಂಘವೊಂದರ ಅಧ್ಯಕ್ಷರಾಗಿದ್ದ ಅಂಕಲ್ ಒಬ್ಬರು ಶಾಲು, ಹಾರ, ಮೈಸೂರು ಪೇಟ ಎಲ್ಲ ತಂದಿದ್ದರು. ಬದುಕಿದ್ದಾಗ ಸನ್ಮಾನ ಮಾಡಲಾಗಲಿಲ್ಲ, ಫೋಟೋಗಾದರೂ ಮಾಡೋಣ ಎಂದರು. ಶಾಲನ್ನು ಫೋಟೋದ ಹೆಗಲಿಗೆ ಹೊದಿಸಿದರು, ಪೇಟವನ್ನು ಚೌಕಟ್ಟಿನ ಮೇಲೆ ಕೂರಿಸಿದರು. ಅದು ಜಾರಿ ನನ್ನ ಗಂಡನ ಕಣ್ಣು ಮುಚ್ಚಿತು. ಮೇಲಕ್ಕೆತ್ತಿದರೆ ಹಿಂದಕ್ಕೆ ಬಿತ್ತು.

"ಟೇಪ್ ಇದ್ಯಾ ಟೇಪ್?" ಎಂದು ಅಂಕಲ್ ಕೂಗಿದರು. ಯಾರೋ ಪ್ಯಾಕಿಂಗ್ ಟೇಪ್ ತಂದರು. ಪೇಟವನ್ನು ಫೋಟೋಕ್ಕೆ ಅಂಟಿಸಿ, ಅದರ ಪಕ್ಕ ನಿಂತು ಎಲ್ಲರೂ ಫೋಟೋ ತೆಗೆಸಿಕೊಂಡರು. ಆಮೇಲೆ ಅಂಕಲ್ ಭಾಷಣ ಮಾಡಿ, ಇವರು ದ್ವೀಪರಾಷ್ಟ್ರಗಳಲ್ಲಿ ಕನ್ನಡದ ಕಂಪನ್ನು ಹರಡಿದರು ಎಂದರು. ನನ್ನ ಗಂಡ ಅಲ್ಲಿ ಆಡಿದ ಕನ್ನಡವೆಂದರೆ ಫೋನಿನಲ್ಲಿ ನನಗೆ "ಊಟ ಆಯ್ತಾ" ಎಂದದ್ದು ಅಷ್ಟೆ.

ನಾನು ಹಿಂದೆ ಸರಿದು ನಿಂತೆ. ಅಲ್ಲಿ ಗೋದಾಮಿನ ಕೆಲಸದವರು ಹಾಕುವ, ಹೊಳೆಯುವ ಪಟ್ಟಿಯ ಜಾಕೆಟ್ ತೊಟ್ಟಿದ್ದ ಒಬ್ಬ ಕಾಯುತ್ತಿದ್ದ. ಮೂವತ್ತರ ಆಸುಪಾಸಿನವನು.

"ಅಕ್ಕಾ, ನಿಮಗೆ ತಮಿಳು ಬರುತ್ತದೆಂದು ಸಾರ್ ಹೇಳಿದ್ದರು," ಎಂದು ತಮಿಳಿನಲ್ಲೇ ಮಾತು ತೆಗೆದ. ಹಿನ್ನೀರಿನ ಆ ಊರಿನವನು. ಅಲ್ಲಿ ಸಣ್ಣ ರೇಡಿಯೋ ಒಂದರಲ್ಲಿ ಸುದ್ದಿ ಓದುತ್ತಿದ್ದವನು, ಅಮೆರಿಕದವರು ಚೀಟಿ ಎತ್ತಿ ಕೊಡುವ ಲಾಟರಿ ವೀಸಾ ಸಿಕ್ಕಿ ಬಂದು ಎರಡು ಬೀದಿಯಾಚೆ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದಾನೆ. ಸಾರ್ ಕೊನೆಯ ಸಲ ಬಂದಾಗ ಅವರ ತರಗತಿಯಲ್ಲಿದ್ದೆ, ಹಳೆಯ ವಿದ್ಯಾರ್ಥಿಗಳಿಗೆ ಕಂಪನಿ ಕಳಿಸಿದ ಕರೆ ನೋಡಿ ಬಂದೆ ಎಂದ.

"ಕುರ್ಚಿ ಪಾಠ ಮಾಡಿದರಾ?" ಎಂದು ಕೇಳಿದೆ.

"ಮಾಡಿದರು ಅಕ್ಕಾ. ಅದನ್ನು ಹೇಳಬೇಕೆಂದೇ ಬಂದೆ. ಶಿಫ್ಟಿನ ಮಧ್ಯೆ ಬಂದಿದ್ದೇನೆ."

ಅವನು ಹೇಳಿದ್ದು ಹೀಗೆ. ಮೇಷ್ಟ್ರು ಕುರ್ಚಿಯಲ್ಲಿ ಕೂತರು. ಅವರಲ್ಲೊಬ್ಬಳು ಕೇಳಿದಳು, ಸಾರ್, ಹೋದ ಸಲಕ್ಕೆ ಈ ಸಲಕ್ಕೆ ಅರ್ಧವಾಗಿದ್ದೀರಿ, ಕಾಯಿಲೆಯಾ? ಅವರು ಒಳ್ಳೆ ಪ್ರಶ್ನೆ ಎಂದರು, ಈಗ ಮುಖ್ಯ ಏನಂದರೆ ನಿಮ್ಮೂರಿನ ಬಿಸಿಲು ಎಂದರು. ಎಲ್ಲರೂ ನಕ್ಕು ಸೊನ್ನೆ ಕೊಟ್ಟರು. ಅವರು ಎದ್ದರು, ಕುರ್ಚಿ ಸುತ್ತಿದರು, ಕೂತರು. "ಹೌದು, ಕಾಯಿಲೆ. ಕ್ಯಾನ್ಸರ್. ಉಳಿಯುವುದಿಲ್ಲ," ಎಂದರು.

"ಯಾರೂ ಅಂಕ ಕೊಡಲಿಲ್ಲ ಅಕ್ಕಾ. ಕೈಯೇ ಬರಲಿಲ್ಲ. ಆಗ ಸಾರ್ ನಮಗೇ ಗದರಿಸಿದರು. ಉತ್ತರ ಕೇಳಿ ಹೆದರಿ ಸುಮ್ಮನಾಗುವವನು ಎಂಥ ವರದಿಗಾರ, ಮುಂದಿನ ಪ್ರಶ್ನೆ ಕೇಳಿ ಎಂದರು. ಅದಕ್ಕೆ ನಾನು ಕೇಳಿದೆ."

"ಏನಂತ?"

"ಮನೆಯಲ್ಲಿ ಹೇಳಿದ್ದೀರಾ ಅಂತ."

ನಮ್ಮ ಮುಂದೆ ಅಂಕಲ್ ಇನ್ನೂ ಕಂಪು ಹರಡುತ್ತಿದ್ದರು. ನಾನು ಆ ಹುಡುಗನ ಮುಖ ಬಿಟ್ಟು ಬೇರೇನೂ ನೋಡಲಿಲ್ಲ.

"ಒಳ್ಳೆ ಪ್ರಶ್ನೆ ಎಂದರು ಅಕ್ಕಾ. ಈಗ ಮುಖ್ಯ ಏನಂದರೆ ಎಂದರು. ಆಮೇಲೆ ಮುಂದಿನದು ಅವರಿಗೇ ಸಿಗಲಿಲ್ಲ. ನಾವು ಸೊನ್ನೆ ಕೊಟ್ಟೆವು."

"ಮತ್ತೆ ಕೂರಿಸಲಿಲ್ಲವಾ?"

"ಎದ್ದರು. ಕುರ್ಚಿ ಸುತ್ತಿದರು. ಅದರ ಹಿಂಬದಿ ಹಿಡಿದುಕೊಂಡು ನಿಂತರು. ಅಷ್ಟರಲ್ಲಿ ಕೊಲಂಬೊಗೆ ಹೋಗುವ ವ್ಯಾನ್ ಬಂತು. ಇದು ಬಾಕಿ ಇರಲಿ, ಮುಂದಿನ ಸಲ ಬಂದಾಗ ಮೊದಲು ಇದೇ ಎಂದರು. ಆಮೇಲೆ ಬಂದ ಟ್ರೇನರ್ ಕುರ್ಚಿ ಪಾಠವನ್ನೇ ಮಾಡಲಿಲ್ಲ, ಕಂಪನಿ ಅದನ್ನು ನಿಲ್ಲಿಸಿತಂತೆ. ಸೊನ್ನೆ ಹಾಗೇ ಇದೆ ಅಕ್ಕಾ. ನಾವು ಅದನ್ನು ಅಳಿಸಲಿಲ್ಲ. ತಪ್ಪಾಯಿತಾ?"

ಇಲ್ಲಪ್ಪ, ಸರಿಯಾಗಿಯೇ ಕೊಟ್ಟಿದ್ದೀರಿ ಎಂದೆ. ಅದು ಸಮಾಧಾನದ ಮಾತಾಗಿರಲಿಲ್ಲ. ಒಂದು ವರ್ಷದಲ್ಲಿ ನನ್ನ ಗಂಡನ ಬಗ್ಗೆ ನಾನು ಕೇಳಿದ ಮೊದಲ ಸರಿಯಾದ ಮಾತು ಆ ಸೊನ್ನೆ. ಒಂದು ಕೋಣೆ ತುಂಬ ಅಪರಿಚಿತರಿಗೆ ಹೇಳಿದ್ದಾರೆ. ನನಗೆ ಹೇಳಿಲ್ಲ. ತೂಕದ ಮೆಷಿನ್ ತಂದುಕೊಟ್ಟವಳಿಗೆ ಹೇಳಿಲ್ಲ. ಈ ಎರಡನ್ನೂ ಬಿಡಿಸಿ ನೋಡಲು ಬಹಳ ದಿನ ಬೇಕಾದೀತು. ಸದ್ಯಕ್ಕೆ, ಅವರನ್ನು ಸುಮ್ಮನೆ ಬಿಡದ ಜನ ಭೂಮಿಯ ಮೇಲೆ ಎಲ್ಲೋ ಒಂದು ಕಡೆ ಇದ್ದರಲ್ಲ ಅನ್ನಿಸಿತು.

ಅಷ್ಟರಲ್ಲಿ ಕಂಪನಿಯ ಯಜಮಾನ ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ಎತ್ತರದ ಅಮೆರಿಕನ್, ಹಲ್ಲು ಬಹಳ ಬೆಳ್ಳಗೆ. ಹೊಸ ಕೋಣೆಯ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಕ್ಯಾಮೆರಾ ಹಚ್ಚಿ, ನೆನಪಿನ ವಿಡಿಯೋಗೆ ಎರಡು ಮಾತು ಬೇಕೆಂದ. ಕೈಗೊಂದು ಕಾರ್ಡೂ ಕೊಟ್ಟ. ಅದರಲ್ಲಿ ನಾನು ಏನು ಹೇಳಬಹುದೆಂದು ಬರೆದಿತ್ತು. ಮೂರೇ ಮಾತು.

ಕಾರ್ಡನ್ನು ಮಡಿಲಲ್ಲಿ ಬೋರಲು ಹಾಕಿದೆ. ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ: ಅವರ ವಿದ್ಯಾರ್ಥಿಗಳು ಅವರಿಗೆ ಸೊನ್ನೆ ಕೊಟ್ಟಿದ್ದಾರೆ. ಅದು ಸರಿಯಾದ ಸೊನ್ನೆ. ಅಂಥ ವಿದ್ಯಾರ್ಥಿಗಳನ್ನು ತಯಾರು ಮಾಡಿದರು ಎಂಬುದೇ ಅವರು ಮಾಡಿದ ಒಳ್ಳೆ ಕೆಲಸ. ಆ ಕುರ್ಚಿ ಪಾಠವನ್ನು ನೀವು ನಿಲ್ಲಿಸಿದ್ದೀರಂತೆ. ಯಾಕೆ ನಿಲ್ಲಿಸಿದಿರಿ?

ಯಜಮಾನನ ಹಲ್ಲು ಹಾಗೇ ಇತ್ತು. "ದಟ್ಸ್ ಎ ಗ್ರೇಟ್ ಕ್ವೆಶ್ಚನ್," ಎಂದ. "ವಾಟ್ ಮ್ಯಾಟರ್ಸ್ ಟುಡೇ ಈಸ್..."

"ಝೀರೋ!" ಎಂದು ಹಿಂದಿನಿಂದ ಆ ಹುಡುಗ ಕೂಗಿದ. ಕೂಗಿದವನು ತಾನೇ ಬೆಚ್ಚಿ ಬಾಯಿ ಮುಚ್ಚಿಕೊಂಡ. ಗಂಡ ಹೋದ ಮೇಲೆ ನಾನು ಮೊದಲ ಸಲ ಜೋರಾಗಿ ನಕ್ಕದ್ದು ಆಗ. ಅಧ್ಯಕ್ಷ ಅಂಕಲ್ ಏನೂ ತಿಳಿಯದೆ ಚಪ್ಪಾಳೆ ತಟ್ಟಿದರು.

ಆಮೇಲೆ ಕಳಿಸಿದ ವಿಡಿಯೋದಲ್ಲಿ ನನ್ನ ಮಾತು ಇರಲಿಲ್ಲ. ನಾನು ನಗುತ್ತಿರುವುದಷ್ಟೇ ಇತ್ತು, ಅದರ ಮೇಲೆ ಪಿಯಾನೋ.

ವಾಪಸ್ಸು ಬರುವಾಗಲೂ ಮಗಳೇ ಕಾರು ಓಡಿಸಿದಳು. ಇಂಡಿಯಾನಾ ದಾಟುವ ಹೊತ್ತಿಗೆ, ರಸ್ತೆ ನೋಡುತ್ತಲೇ, "ವಾಟ್ ಡಿಡ್ ದಟ್ ಗೈ ಟೆಲ್ ಯೂ?" ಎಂದಳು. ಎಲ್ಲ ಹೇಳಿದೆ. ಒಂದು ಮಾತೂ ಬಿಡಲಿಲ್ಲ. ಅವಳು ವೈಪರ್ ಹಾಕಿದಳು, ಮಳೆ ಇರಲಿಲ್ಲ, ನಿಲ್ಲಿಸಿದಳು.

"ಆರ್ ಯೂ ಮ್ಯಾಡ್ ಅಟ್ ಹಿಮ್?"

"ಹೂಂ."

"ಡು ಯೂ ಮಿಸ್ ಹಿಮ್?"

"ಹೂಂ. ಅದೂ."

"ಮೀ ಟೂ. ಬೋತ್."

ಡ್ಯಾಶ್‌ಬೋರ್ಡಿನ ಗಡಿಯಾರ ತಾನಾಗಿಯೇ ಒಂದು ಗಂಟೆ ಮುಂದಕ್ಕೆ ಹಾರಿತು. ಹೋಗುವಾಗ ಸಿಕ್ಕಿದ ಪುಕ್ಕಟೆ ಗಂಟೆಯನ್ನು ಬರುವಾಗ ಕಿತ್ತುಕೊಳ್ಳುತ್ತದೆ, ಅದನ್ನು ಅವರು ಯಾವತ್ತೂ ಹೇಳುತ್ತಿರಲಿಲ್ಲ.

"ನೋಡು," ಎಂದೆ. "ನನಗೆ ಏನಾದ್ರೂ 'ಇದೆ' ಅಂತ ಡಾಕ್ಟರ್ ಹೇಳಿದ್ರೆ ಅವತ್ತೇ ನಿನಗೆ ಫೋನ್ ಮಾಡ್ತೀನಿ. ನಿನಗೆ ಏನಾದ್ರೂ ಆದ್ರೆ ನೀನು ನನಗೆ ಹೇಳ್ತೀಯಾ?"

ಅವಳು ನನ್ನ ಕಡೆ ತಿರುಗಿದಳು. ತುಟಿಯಂಚಿನಲ್ಲಿ ಅಪ್ಪನದೇ ನಗು. ಅಪ್ಪನದೇ ದನಿ ಮಾಡಿ, ಅಪ್ಪನ ಹಾಗೆಯೇ ತಲೆಯಾಡಿಸುತ್ತಾ, "ಒಳ್ಳೆ ಪ್ರಶ್ನೆ ಕಣೇ. ಈಗ ಮುಖ್ಯ ಏನಂದ್ರೆ," ಎಂದಳು.

"ಸೊನ್ನೆ," ಎಂದೆ. "ಮತ್ತೆ ಕೂತ್ಕೋ."

ಸ್ಟಿಯರಿಂಗ್ ಹಿಡಿದೇ ಅವಳು ಸೀಟಿನಲ್ಲಿ ಸ್ವಲ್ಪ ಎದ್ದಂತೆ ಮಾಡಿ ಕೂತಳು. ನಗು ಹೋಗಿತ್ತು.

"ಹೇಳ್ತೀನಿ ಅಮ್ಮ," ಎಂದಳು, ಕನ್ನಡದಲ್ಲಿ.

ಐದಕ್ಕೆ ಐದು ಎಂದೆ. ಮುಂದಿನ ಎಕ್ಸಿಟ್‌ನಲ್ಲಿ ಕಾಫಿಗೆ ನಿಲ್ಲಿಸಿದೆವು.